ತಾರಸಿಯ ಮೇಲೆ ಬಿದ್ದ ಹಿಮ

ಹೋದ ಚಳಿಗಾಲದಲ್ಲಿ ದಾವಣಗೆರೆಯಲ್ಲಿ ಹಿಮ ಬಿತ್ತು. ನಗಬೇಡಿ. ಹಾಡಹಗಲು, ನಮ್ಮ ಮನೆಯ ತಾರಸಿಯ ಮೇಲೆ, ಎರಡನೇ ಕ್ಲಾಸಿನ ಮಕ್ಕಳ ಒಂದು ಹಿಂಡಿನ ತಲೆಯ ಮೇಲೆ ಬಿತ್ತು. ಹೆಂಗೆ ಬಿದ್ದಿರಬಹುದು, ಊಹೆ ಮಾಡಿ ನೋಡೋಣ? ನನ್ನ ವಾಕಿಂಗ್ ಗೆಳೆಯರೊಬ್ಬರು "ಮಂಡಕ್ಕಿ ಎರಚಿರ್ತೀಯ ಬಿಡು" ಅಂದರು. ಹಿಂದೆ ಹತ್ತಿ ಮಿಲ್ಲಿನಲ್ಲಿದ್ದ ಇನ್ನೊಬ್ಬರು "ಹತ್ತಿ" ಅಂದರು. ಎರಡೂ ಅಲ್ಲ. ಇರಲಿ, ಅದಕ್ಕೆ ಬರುತ್ತೇನೆ. ಅದಕ್ಕೆ ಬರಬೇಕಾದರೆ ಹಿಂದಿನದನ್ನೆಲ್ಲ ಹೇಳಬೇಕು. ಹೇಳುವುದು ಬಿಟ್ಟರೆ ನನಗೆ ಈಗ ಬೇರೆ ಉದ್ಯೋಗವೂ ಇಲ್ಲ.

ಬಿ.ಎಸ್ಸಿ. ಪಾಸು ಮಾಡಿ, ಹರಿಹರದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ನಟ್ಟು ಬೋಲ್ಟು ಕಾಯುತ್ತ ನಿವೃತ್ತನಾದವನು ನಾನು. ಅಷ್ಟು ವರ್ಷದ ನೌಕರಿಯಲ್ಲಿ ನಾಲ್ಕು ಜನರಿಗೆ ಹೇಳಿ ನಗುವಂಥದ್ದು ಏನೂ ನಡೆಯಲಿಲ್ಲ. ಮೊಮ್ಮಗಳ ಕೈಗೆ ಸಿಕ್ಕಿದ ಮೇಲೆ ವಾರಕ್ಕೊಂದಾದರೂ ನಡೆಯುತ್ತಿದೆ.

ಹಾಸಿಗೆಯಲ್ಲಿ ಮಲಗಿದ್ದ ಕೂಸು

ನನ್ನ ಮಗ ಬ್ಯಾಂಕಿನವನು. ಅವನನ್ನು ಹಿಮಾಚಲದ ಒಂದು ಬೆಟ್ಟದ ಊರಿಗೆ ವರ್ಗ ಮಾಡಿದ್ದರು. ಹೆಂಡತಿ, ಮಗಳನ್ನು ಕಟ್ಟಿಕೊಂಡು ಹೋದ. ಅಲ್ಲಿಯ ಕೊನೆಯ ಚಳಿಗಾಲವನ್ನು ಅವರ ಜೊತೆಗೇ ಕಳೆಯಲು ನಾವಿಬ್ಬರೂ ಹೋಗಿದ್ದೆವು.

ಅಲ್ಲಿ ಬೆಳಗೆದ್ದರೆ ಮಗನ ಮೊದಲ ಕೆಲಸ ಸಲಿಕೆ ಹಿಡಿದು ಬಾಗಿಲಿನಿಂದ ರಸ್ತೆಯವರೆಗೆ ಹಿಮ ಸರಿಸಿ ದಾರಿ ಮಾಡುವುದು. ಸೊಸೆಯ ಮೊದಲ ಕೆಲಸ ಮಗಳಿಗೆ ಬಟ್ಟೆ ತೊಡಿಸುವುದು. ಬನಿಯನ್ನು, ಅದರ ಮೇಲೆ ಉಣ್ಣೆಯದು, ಅದರ ಮೇಲೆ ಸ್ವೆಟರ್, ಅದರ ಮೇಲೆ ಜಾಕೆಟ್, ಕಾಲುಚೀಲದ ಮೇಲೆ ಕಾಲುಚೀಲ, ಬೂಟು, ಕೈಗವಸು, ಟೋಪಿ. ಎಲ್ಲ ಮುಗಿದು ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ಮೊಮ್ಮಗಳು "ಅಮ್ಮಾ, ಒಂದಕ್ಕೆ" ಅನ್ನುತ್ತಿದ್ದಳು. ದಿನಾ. ಒಂದು ದಿನವೂ ತಪ್ಪಿಸಲಿಲ್ಲ.

ನಮ್ಮನೆಯಾಕೆಗೆ ಅಲ್ಲಿ ಒಂದೇ ಚಿಂತೆ, ದೋಸೆ ಹಿಟ್ಟು ಉಬ್ಬುವುದಿಲ್ಲ. ದಾವಣಗೆರೆಯಲ್ಲಿ ರಾತ್ರಿ ಮುಚ್ಚಳ ತಳ್ಳಿಕೊಂಡು ಹೊರಗೆ ಬರುವ ಹಿಟ್ಟು, ಅಲ್ಲಿ ಎರಡು ದಿನವಾದರೂ ಹಾಕಿದಲ್ಲೇ ಇತ್ತು. "ಪಾಪ, ಅದಕ್ಕೂ ಚಳಿ ರೀ" ಅಂದವಳೇ ಪಾತ್ರೆಗೆ ಶಾಲು ಸುತ್ತಿ, ಮೇಲೆ ನನ್ನ ಮಂಕಿ ಕ್ಯಾಪ್ ತೊಡಿಸಿ, ಪಕ್ಕಕ್ಕೆ ಬಿಸಿನೀರಿನ ಚೀಲ ಇಟ್ಟು, ಹಾಸಿಗೆಯಲ್ಲಿ ಮಲಗಿಸಿ ರಜಾಯಿ ಹೊದಿಸಿದಳು. ಆಗಾಗ ಪಕ್ಕದಲ್ಲಿ ಕೂತು ಕೈಯಿಟ್ಟು ನೋಡುವಳು.

ಆಗಲೇ ಪಕ್ಕದ ಮನೆಯ ಅಜ್ಜಿ ಬಂದರು. ನೋಡಿದರು. ಮುಖ ಅರಳಿತು. ಮೆಲ್ಲಗೆ, ಎಬ್ಬಿಸಬಾರದು ಅನ್ನುವ ಹಾಗೆ, "ಲಡ್ಕಾ ಹೈ ಯಾ ಲಡ್ಕಿ?" ಅಂದರು, ಗಂಡೋ ಹೆಣ್ಣೋ ಅಂತ. ನಮ್ಮನೆಯಾಕೆಗೆ ಬರುವುದು ದಾವಣಗೆರೆಯ ಮಂಡಿಪೇಟೆಯಲ್ಲಿ ಸೀರೆ ಚೌಕಾಸಿ ಮಾಡುವಷ್ಟು ಹಿಂದಿ. ಏನು ಕೇಳಿದರೆಂದು ತಿಳಿಯದೆ ನಕ್ಕು ತಲೆಯಾಡಿಸಿದಳು. ಅಜ್ಜಿ ಸೆರಗಿನಿಂದ ಒಂದು ಹಿಡಿ ಅಕ್ರೋಟು ತೆಗೆದು ದಿಂಬಿನ ಕೆಳಗಿಟ್ಟು, ಮಂಕಿ ಕ್ಯಾಪಿನ ಮೇಲೆ ಕೈಯಾಡಿಸಿ ಹರಸಿ ಹೋದರು.

ಅವರ ಆಶೀರ್ವಾದವೋ ಏನೋ, ಮರುದಿನ ಹಿಟ್ಟು ಉಬ್ಬಿತು. ಉಪಕಾರ ಮರೆಯಬಾರದೆಂದು ಬಿಸಿ ದೋಸೆ ಮೊಮ್ಮಗಳ ಕೈಯಲ್ಲಿ ಕಳಿಸಿದೆವು. ಅಜ್ಜಿ ಒಂದು ತುತ್ತು ಬಾಯಿಗಿಟ್ಟು "ಏನಿದು, ಬಹಳ ರುಚಿ ಐತೆ" ಅಂದರಂತೆ. ನಮ್ಮ ಮೊಮ್ಮಗಳು ಚೆಂದದ ಹಿಂದಿಯಲ್ಲಿ, "ನಿನ್ನೆ ಹಾಸಿಗೇಲಿ ಮಲಗಿತ್ತಲ್ಲ, ನೀವು ತಲೆ ಸವರಿದ್ರಲ್ಲ, ಅದೇ" ಅಂದಳಂತೆ.

ತಟ್ಟೆ ತರಲು ನಾನೇ ಹೋಗಬೇಕಾಯಿತು.

ಇಲ್ಲಿ ಒಂದು ಮಾತು. ನಮ್ಮ ಮೊಮ್ಮಗಳಿಗೆ ಸುಳ್ಳು ಹೇಳಲು ಬರುವುದಿಲ್ಲ. ನಮ್ಮ ಮನೆಯ ದೊಡ್ಡ ತಾಪತ್ರಯ ಅದೇ.

ಚಳಿ ಎಲ್ಲೈತೆ, ತೋರ್ಸು

ಮಗನಿಗೆ ಹರಿಹರಕ್ಕೆ ವರ್ಗವಾಯಿತು. ಎಲ್ಲರೂ ದಾವಣಗೆರೆಯ ನಮ್ಮ ಮನೆಗೆ ಬಂದರು. ಮೊಮ್ಮಗಳು ಇಲ್ಲಿಯ ಶಾಲೆಗೆ ಸೇರಿದಳು. ಹೋದ ಡಿಸೆಂಬರಿನಲ್ಲಿ ಊರಿಗೆ ಊರೇ ಮಫ್ಲರು ಸುತ್ತಿಕೊಂಡು ಓಡಾಡುವಾಗ ಈಕೆ ತೋಳಿಲ್ಲದ ಫ್ರಾಕು ತೊಟ್ಟು ಗೇಟಿನ ಮೇಲೆ ಜೋತಾಡುತ್ತಿದ್ದಳು. ಅವಳ ಅಜ್ಜಿ, ಅಂದರೆ ನಮ್ಮನೆಯಾಕೆ, ಸ್ವೆಟರು ಹಿಡಿದು ಹಿಂದೆ ಹಿಂದೆ.

"ಹಾಕ್ಕಳ್ಳೇ, ಥಂಡಿ ಐತೆ!"

"ಎಲ್ಲೈತೆ ಅಜ್ಜೀ? ತೋರ್ಸು."

ಅಜ್ಜಿ ಸುತ್ತಮುತ್ತ ನೋಡಿದಳು. ತೋರಿಸಲು ಏನೂ ಇರಲಿಲ್ಲ, ನನ್ನನ್ನು ಬಿಟ್ಟರೆ. "ಅಗೋ, ನಿಮ್ಮಜ್ಜನ್ನ ನೋಡು" ಅಂದಳು. ನಾನು ಟೋಪಿ, ಮಫ್ಲರು, ಕಾಲುಚೀಲ ಸಮೇತ ಬಿಸಿಲಿನಲ್ಲಿ ಕೂತಿದ್ದೆ.

ಸೊಸೆ ಪುಸ್ತಕ ಓದಿ ಮಗಳನ್ನು ಬೆಳೆಸುವವಳು. "ಬಲವಂತ ಬ್ಯಾಡ ಅತ್ತೆ. ಚಳಿ ಆದ್ರೆ ಅವಳೇ ಕೇಳ್ತಾಳೆ" ಅಂದಳು. "ಕೆಮ್ಮು ಬಂದ್ ಮೇಲೆ ಕೇಳ್ತಾಳೇನು?" ಅಂತ ಅತ್ತೆ. ಇಬ್ಬರೂ ನನ್ನ ಕಡೆ ತಿರುಗಿ "ನೀವೇ ಹೇಳ್ರಿ" ಅಂದರು. ನಾನು ಮಫ್ಲರನ್ನು ಕಿವಿಯ ಮೇಲೆ ಎಳೆದುಕೊಂಡೆ.

ಅದೇ ತಿಂಗಳು ಒಂದು ಬೆಳಿಗ್ಗೆ ದಟ್ಟ ಮಂಜು. ಎದುರು ಮನೆ ಕಾಣುತ್ತಿರಲಿಲ್ಲ. ಹಿಮಾಚಲದಲ್ಲಿ ಹೊರಗೆ ಬೆಳ್ಳಗಾಯಿತೆಂದರೆ ಶಾಲೆಗೆ ರಜೆ. ಈಕೆ ಕಿಟಕಿಯಿಂದ ನೋಡಿದಳು, ಗೇಟಿಗೆ ಹೋಗಿ ಶಾಲೆಯ ಆಟೋದವನಿಗೆ "ಅಂಕಲ್, ಇವತ್ತು ರಜಾ" ಎಂದು ಹೇಳಿ, ಬಂದು ಮಲಗಿದಳು. ಅಷ್ಟು ಗಂಭೀರ ಮುಖದಲ್ಲಿ ಹೇಳಿದರೆ ಯಾರು ನಂಬುವುದಿಲ್ಲ? ಅವನು ಆಟೋ ತಿರುಗಿಸಿ, ಒಳಗಿದ್ದ ಮಕ್ಕಳನ್ನೆಲ್ಲ ವಾಪಸು ಅವರವರ ಮನೆಗೆ ಬಿಟ್ಟ.

ಶಾಲೆಯಿಂದ ಫೋನು ಬಂದಾಗ ಸೂರ್ಯ ಝಗಝಗ ಅನ್ನುತ್ತಿದ್ದ. ಆಟೋದವನು ಸಂಜೆ ಬಂದು ನಮ್ಮ ಸೊಸೆಗೆ ಕೈಮುಗಿದ. "ಅಕ್ಕಾರೆ, ಇನ್ ಮ್ಯಾಲೆ ರಜಾ ಇದ್ರೆ ದೊಡ್ಡೋರು ಹೇಳ್ರಿ. ಹತ್ತಿದ ಹುಡುಗ್ರೆಲ್ಲ ನಿಮ್ಮ ಮಗಳನ್ನೇ ಹೆಡ್‌ಮಿಸ್ ಮಾಡ್ರಿ ಅಂತಾರೆ."

ಬುರುಡೆ

ನಗು ಅಲ್ಲಿಗೆ ನಿಂತಿತು. ಅದಾದ ವಾರ ಟೀಚರು ಕ್ಲಾಸಿನಲ್ಲಿ, "ಚಳಿಗಾಲದಾಗೆ ನಿಮ್ಮನೇಲಿ ಏನೇನ್ ಮಾಡ್ತೀರಿ?" ಎಂದು ಕೇಳಿದರಂತೆ. ಒಬ್ಬ ಬಿಸಿ ಮಿರ್ಚಿ ಬಜ್ಜಿ ತಿಂತೀವಿ ಅಂದ. ಒಬ್ಬಳು ಸ್ವೆಟರ್ ಹಾಕ್ಕಂತೀವಿ ಅಂದಳು. ನಮ್ಮವಳು ಎದ್ದು, "ಬಾಗಿಲಾಗೆ ಇಟ್ಟ ಹಾಲಿನ ಪಾಕೀಟು ಕಲ್ಲಾಗ್ತೈತೆ, ನಲ್ಲಿ ಗಟ್ಟಿ ಆಗ್ತೈತೆ, ಅಪ್ಪ ಸಲಿಕೇಲಿ ದಾರಿ ಮಾಡ್ತಾರೆ, ಮ್ಯಾಲಿಂದ ಬರ್ಫ್ ಬಿದ್ದು ಮೊಣಕಾಲುಮಟ ಆಗ್ತೈತೆ" ಅಂದಳು. ಹಿಮ ಅವಳ ಬಾಯಲ್ಲಿ ಬರ್ಫ್.

ಇಡೀ ಕ್ಲಾಸು ಘೊಳ್ಳೆಂದಿತು. ರಜಾದ ಕತೆ ಬೇರೆ ಆಗಿತ್ತಲ್ಲ, ಅದೂ ಸೇರಿತು. ಪಕ್ಕದಲ್ಲಿ ಕೂಡುವ ಗೆಳತಿಯೇ "ಬುರುಡೆ" ಅಂದಳು. ಮರುದಿನದಿಂದ ಅದೇ ಹೆಸರು. ಬುರುಡೆ ಬಂದ್ಲು, ಬುರುಡೆ ಹೋದ್ಲು.

ನಾನು ಮೊಬೈಲಿನಲ್ಲಿದ್ದ ಹಿಮದ ಫೋಟೋ ದೊಡ್ಡದು ಮಾಡಿಸಿ ಕೊಟ್ಟು ಕಳಿಸಿದೆ. ಸಂಜೆ ಹಾಗೇ ವಾಪಸು ತಂದಳು. "ಇದು ಎಐ ಅಂತೆ ಅಜ್ಜಾ." ಫೋಟೋದಲ್ಲಿ ಹಿಮದ ನಡುವೆ ಪಂಚೆ ಉಟ್ಟು, ಮೇಲೆ ಜಾಕೆಟ್ ತೊಟ್ಟು ನಾನು ನಿಂತಿದ್ದೆ. "ಇಂಥ ಅಜ್ಜ ಎಲ್ಲೂ ಇರಲ್ಲ ಅಂತೆ."

ಅವತ್ತು ತಂದಿಟ್ಟ ಮಿರ್ಚಿಯನ್ನೂ ಅವಳು ತಿನ್ನಲಿಲ್ಲ. "ನಾಳೆ ಶಾಲೆಗೆ ಹೋಗಲ್ಲ" ಅಂದಳು. ಸುಳ್ಳು ಹೇಳಿ ಬೈಸಿಕೊಂಡ ಮಕ್ಕಳನ್ನು ನೋಡಿದ್ದೆ. ನಿಜ ಹೇಳಿ ಅಳುತ್ತಿದ್ದವಳನ್ನು ನೋಡಿ ನನಗೆ ತಡೆಯಲಿಲ್ಲ. "ನಿನ್ನ ಗೆಳತೇರಿಗೆಲ್ಲ ಬರ್ಫ್ ತೋರ್ಸ್ತೀನಿ, ಬಿಡು" ಅಂದುಬಿಟ್ಟೆ. ಮಗ, ಸೊಸೆ, ನಮ್ಮನೆಯಾಕೆ ಮೂವರೂ ನನ್ನನ್ನು ನೋಡಿದರು. ಹೆಂಗೆ ತೋರಿಸುತ್ತೇನೆಂದು ಗೊತ್ತಿಲ್ಲದ ನಾಲ್ಕನೆಯವನು ನಾನು.

ಹರಿಹರದ ಬೆಳೆ

ನನ್ನ ನಾದಿನಿ ಹರಿಹರದಲ್ಲಿದ್ದಾಳೆ. ಅವಳ ಮದುವೆಯ ಕಾಲದ ಹಳೇ ಫ್ರಿಜ್ಜು ಇನ್ನೂ ಇದೆ. ಅದರ ಮೇಲಿನ ಖಾನೆಯಲ್ಲಿ ಬೆಳ್ಳಗೆ ಹಿಮ ಕಟ್ಟಿ ಬಾಗಿಲೇ ಮುಚ್ಚುವುದಿಲ್ಲ. ನನಗೆ ಥಟ್ಟನೆ ಹೊಳೆಯಿತು. ಅಜ್ಜ ಮೊಮ್ಮಗಳು ಥರ್ಮಾಸು ಹಿಡಿದು ಬಸ್ಸು ಹತ್ತಿದೆವು.

ನಾದಿನಿ ಕೇಳಿದಳು, "ಏನ್ ಭಾವಾರೆ, ಅಕ್ಕ ಬರ್ಲಿಲ್ವ? ಏನ್ ಬೇಕಾಗಿತ್ತು?"

"ನಿನ್ನ ಫ್ರಿಜ್ಜಿನ ಹಿಮ."

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಒಳಗೆ ಹೋಗಿ ಒಂದು ದೋಸೆ ಮೊಗಚುವ ಕೈ, ಒಂದು ಬಕೆಟ್ಟು, ಒಂದು ಹಳೇ ಬಟ್ಟೆ ತಂದು ಮುಂದಿಟ್ಟಳು. ನಾನು ಕೆರೆದೆ, ಮೊಮ್ಮಗಳು ತುಂಬಿದಳು. ಥರ್ಮಾಸು ತುಂಬಿದ ಮೇಲೆ ನಾದಿನಿ, "ಕೆಳಗಿಂದೂ ಒರೆಸಿಬಿಡ್ರಿ ಭಾವಾರೆ, ಹೆಂಗೂ ಕೈ ಹಾಕೀರಿ" ಅಂದಳು. ಒರೆಸಿದೆ. ತರಕಾರಿ ಡಬ್ಬಿ ತೊಳೆದೆ. ಬಾಗಿಲಿನ ರಬ್ಬರಿನೊಳಗೆ ಸಿಕ್ಕಿಕೊಂಡಿದ್ದ ಕೊತ್ತಂಬರಿ ತೆಗೆದೆ.

ಆ ಥರ್ಮಾಸು ಎಂಥದೋ, ದಾವಣಗೆರೆ ಮುಟ್ಟಿ ಮುಚ್ಚಳ ತೆಗೆದರೆ ನೀರು. ಮೇಲೆ ಒಂದು ಬಟಾಣಿ ಕಾಳು ತೇಲುತ್ತಿತ್ತು. ನಮ್ಮನೆಯಾಕೆ ಅದನ್ನು ತೆಗೆದುಕೊಂಡು ಹೋಗಿ ಕರಿಬೇವಿನ ಗಿಡಕ್ಕೆ ಹಾಕಿದಳು.

ಹೊಸ ವರ್ಷ ಹುಟ್ಟಿದ ಮೇಲೆ ನಾದಿನಿಯ ಫೋನು ಬಂತು. "ಭಾವಾರೆ, ಮತ್ತೆ ಬೆಳೆ ಬಂದೈತೆ. ಕೊಯ್ಯಾಕೆ ಯಾವಾಗ ಬರ್ತೀರಿ?"

ಮೇಲೆ ಅಜ್ಜ ಇರಲ್ಲ

ಕೊನೆಗೆ ದಾರಿ ಸಿಕ್ಕಿದ್ದು ಮಂಡಿಪೇಟೆಯಲ್ಲಿ. ಅಲ್ಲಿ ಬೇಸಿಗೆಯಲ್ಲಿ ಐಸ್ ಗೋಲಾ ಗಾಡಿ ಹಾಕುವ ಒಬ್ಬ ಚಾಚಾ, ಚಳಿಗಾಲದಲ್ಲಿ ಹುರಿದ ಶೇಂಗಾ ಮಾರುತ್ತಾರೆ. ಶೇಂಗಾ ಕೊಳ್ಳುತ್ತ ನಿಂತಾಗ ಬಟ್ಟೆ ಹೊದಿಸಿಟ್ಟ ಗೋಲಾ ಮಷೀನು ಕಣ್ಣಿಗೆ ಬಿತ್ತು. ಚಕ್ರ ತಿರುಗಿಸಿದರೆ ಐಸಿನ ಗಡ್ಡೆ ಸಣ್ಣಗೆ ಹೆರೆದು ಬೆಳ್ಳಗೆ ಉದುರುತ್ತದಲ್ಲ!

ವಿಷಯ ಹೇಳಿದೆ. ಚಾಚಾ ಶೇಂಗಾ ಪೊಟ್ಟಣ ಕಟ್ಟುವುದನ್ನೇ ನಿಲ್ಲಿಸಿದರು. "ಯಾವ ಶಾಲೆ ಸಾಹೇಬ್ರೆ? ಯಾವ ಕ್ಲಾಸು?" ಹೇಳಿದೆ. "ಯಾ ಅಲ್ಲಾ, ಆ ಬುರುಡೆ ನಿಮ್ಮ ಮೊಮ್ಮಗಳಾ? ಹೆಸರಿಟ್ಟೋಳು ನಮ್ಮ ಪೋತಿ!"

ಪೋತಿ ಅಂದರೆ ಮಗನ ಮಗಳು, ಅವಳಿಗೆ ಇವರು ದಾದಾ. ಪಕ್ಕದಲ್ಲಿ ಕೂಡುವ ಆ ಗೆಳತಿ! ಚಾಚಾ ಅಲ್ಲಿಗೇ ಒಪ್ಪಿದರು. "ಆಕೀಗೆ ಗೊತ್ತಾಗಬಾರ್ದು ನೋಡ್ರಿ. ಮಷೀನು ಮರೆಯಾಗಿರ್ಲಿ."

ಹಬ್ಬದ ರಜೆ ಇತ್ತು. ಎಳ್ಳುಬೆಲ್ಲದ ನೆಪದಲ್ಲಿ ಕ್ಲಾಸಿನ ಮಕ್ಕಳನ್ನೆಲ್ಲ ಮನೆಗೆ ಕರೆದೆವು. ತಾರಸಿಯ ಮೇಲಿನ ಮೆಟ್ಟಿಲಿನ ಕೋಣೆಯ ಮೂಲೆಯಲ್ಲಿ, ದುಪ್ಪಟಿ ಇಳಿಬಿಟ್ಟ ಮರೆಯಲ್ಲಿ, ಚಾಚಾ ಮತ್ತು ಮಷೀನು. ಹೆರೆದದ್ದನ್ನು ಬಕೆಟ್ಟಿನಲ್ಲಿ ಹೊತ್ತು ಏಣಿ ಹತ್ತಲು ನನ್ನ ಮಗ. ಆ ಕೋಣೆಯ ನೆತ್ತಿಯ ಮೇಲೆ, ನೀರಿನ ಟ್ಯಾಂಕಿನ ಮರೆಯಲ್ಲಿ, ಕೈಯಲ್ಲಿ ಮೊರ ಹಿಡಿದು ನಾನು. ಹಿಮ ಅಂದರೆ ಮೇಲಿನಿಂದಲೇ ಬೀಳಬೇಕು, ಗುಡ್ಡೆ ಹಾಕಿದರೆ ನಡೆಯುವುದಿಲ್ಲ ಎಂದು ಮೊಮ್ಮಗಳ ಕಟ್ಟಪ್ಪಣೆ.

ಮಕ್ಕಳು ತಾರಸಿಗೆ ಬಂದರು. ಕೆಳಗೆ ಚಾಚಾ ಗರಗರ ಚಕ್ರ ತಿರುಗಿಸಿದರು. ನಾನು ಮೊರ ಝಾಡಿಸಿದೆ. ಬಿತ್ತು ನೋಡಿ! ಬಿಸಿಲಿನಲ್ಲಿ ಫಳಫಳ ಅನ್ನುತ್ತ, ಬೆಳ್ಳಗೆ, ತಣ್ಣಗೆ, ಮಕ್ಕಳ ತಲೆಗೆ, ಕಾಲರಿನೊಳಕ್ಕೆ. ಕೂಗಾಟ ಎಷ್ಟೆಂದರೆ ಎದುರು ಮನೆಯವರು ಛತ್ರಿ ಹಿಡಿದು ಹೊರಗೆ ಬಂದರು. ಮೊರದ ಮೇಲೆ ಮೊರ ಎರಚಿದೆ. ಕರಗಿದ ನೀರು ಮೊಣಕೈಯಿಂದ ಇಳಿದು ಪಂಚೆ ಸೇರಿತು. ಯಾರಿಗೆ ಪರಿವೆ!

ಚಾಚಾರ ಪೋತಿ ಮಾತ್ರ ಕುಣಿಯಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಕಿವಿ ನಿಮಿರಿಸಿ ನಿಂತಿದ್ದಳು. "ಈ ಸದ್ದು ನಂಗೊತ್ತು" ಅಂದಳು. ನಮ್ಮ ಮೊಮ್ಮಗಳ ಮುಂದೆ ಬಂದು, "ನಿಜ ಹೇಳು. ಇದು ಬರ್ಫಾ?" ಎಂದು ಕೇಳಿದಳು.

ಮೇಲೆ ಟ್ಯಾಂಕಿನ ಮರೆಯಿಂದ ನಾನು 'ಹ್ಞೂಂ ಅನ್ನು, ಹ್ಞೂಂ ಅನ್ನು' ಎಂದು ತಲೆಯಾಡಿಸುತ್ತಿದ್ದೆ. ಮೊಮ್ಮಗಳು ನನ್ನನ್ನು ನೋಡಿದಳು. ಗೆಳತಿಯನ್ನು ನೋಡಿದಳು.

"ಅಲ್ಲ" ಅಂದಳು. "ಇದು ನಿಮ್ಮ ದಾದಾನ ಗೋಲಾ. ಮೇಲೆ ನಮ್ಮಜ್ಜ ಕೂತಾರೆ."

ಎಲ್ಲ ಮುಗಿಯಿತು ಅಂದುಕೊಂಡೆ. ಕೈಯಲ್ಲಿದ್ದ ಮೊರ ಜಾರಿ ಕೆಳಗೆ ಬಿತ್ತು. ಚಾಚಾ ದುಪ್ಪಟಿ ಸರಿಸಿ ಇಣುಕಿದರು. ಪೋತಿ ದಾದಾನನ್ನು ನೋಡಿದಳು, ಮೊರ ನೋಡಿದಳು. ಆಮೇಲೆ ಕ್ಲಾಸಿನ ಕಡೆ ತಿರುಗಿ, "ಏಯ್, ಇವಳು ಬುರುಡೆ ಅಲ್ಲ ಕಣ್ರೇ. ಬುರುಡೆ ಆಗಿದ್ರೆ ಈಗ ಹೌದು ಅಂತಿದ್ಲು" ಅಂದಳು. ಮತ್ತೆ ಮೊಮ್ಮಗಳ ಕಡೆ ತಿರುಗಿ, "ಅಲ್ಲೂ ಹಿಂಗೇ ಬೀಳ್ತೈತೇನೇ?"

"ಹಿಂಗೇ. ಆದ್ರೆ ಮೇಲೆ ಅಜ್ಜ ಇರಲ್ಲ."

"ಬಣ್ಣದ್ದೂ ಬೀಳ್ತೈತಾ?"

"ಇಲ್ಲ. ಬಣ್ಣ ನಾವೇ ಹಾಕ್ಕಬೇಕು."

ಅಷ್ಟು ಕೇಳಿದ್ದೇ ತಡ, ಚಾಚಾ ಚೀಲದಿಂದ ಕೆಂಪು, ಹಸಿರು ಶರಬತ್ತಿನ ಬಾಟಲಿ ಹೊರಗೆ ತೆಗೆದರು. ತಂದಿದ್ದರು ನೋಡಿ! ಮಕ್ಕಳು ಹಿಮ ತಿಂದು, ಎಳ್ಳುಬೆಲ್ಲ ಜೇಬಿಗೆ ಹಾಕಿಕೊಂಡು ಮನೆಗೆ ಹೋದರು. ಸಂಜೆಯಿಂದ ಮಗನಿಗೆ ಒಂದೇ ಸಮ ಫೋನು. ಮಕ್ಕಳ ಅಪ್ಪಂದಿರೆಲ್ಲ ಕೇಳುವುದು ಒಂದೇ. ಒಬ್ಬರಂತೂ, "ಸಾರ್, ಆಕಾಶದಿಂದ ಗೋಲಾ ಬೀಳೋ ಊರು ಯಾವ್ದ್ರಿ? ಮಗಳು ಅಲ್ಲಿಗೆ ವರ್ಗ ಮಾಡಿಸ್ಕೋ ಅಂತ ಹಟ ಹಿಡಿದಾಳೆ. ನಂದು ಕಿರಾಣಿ ಅಂಗಡಿ!" ಅಂದರು.

ಹಿಮಾಚಲದಲ್ಲಿ ಇಡೀ ಚಳಿಗಾಲ ಒಂದು ಸೀನೂ ಸೀನದ ನನಗೆ ಅವತ್ತು ರಾತ್ರಿ ಗಡಗಡ ನಡುಕ ಹಿಡಿಯಿತು. ಡಾಕ್ಟರು ಬಂದು, "ಎಲ್ಲಾದ್ರೂ ನೆನೆದ್ರಾ?" ಎಂದು ಕೇಳಿದರು. "ಇಲ್ರಿ, ತಾರಸಿ ಮೇಲೆ ಹಿಮ ಬಿತ್ತು" ಅಂದೆ. ಅವರು ನಮ್ಮನೆಯಾಕೆಯ ಮುಖ ನೋಡಿ, ಮತ್ತೊಮ್ಮೆ ಜ್ವರ ನೋಡಿದರು. ಅವರು ಹೋದ ಮೇಲೆ ಮೊಮ್ಮಗಳು, ತೋಳಿಲ್ಲದ ಅದೇ ಫ್ರಾಕಿನಲ್ಲಿ, ತನ್ನ ಪುಟ್ಟ ಸ್ವೆಟರು ತಂದು ನನ್ನ ಎದೆಯ ಮೇಲೆ ಹೊದಿಸಿದಳು. "ಹಾಕ್ಕೋ ಅಜ್ಜಾ. ಬಲವಂತ ಏನಿಲ್ಲ."

ಯಾವತ್ತು ಇದೆಲ್ಲ ಆದದ್ದು ಅಂತೀರಾ? ಸಂಕ್ರಾಂತಿಯ ದಿನ. ಇವತ್ತಿಂದ ಚಳಿ ಬಿಡ್ತು ಅಂತ ಊರಿಗೆ ಊರೇ ಸ್ವೆಟರು ಬಿಚ್ಚಿ ಪೆಟ್ಟಿಗೆಗೆ ಹಾಕೋ ದಿನ.