ಮಾತು ಬಿಟ್ಟವರ ನಡುವೆ ಫೋನಿನ ಸಾಹೇಬ

ಹೆಂಡತಿ: ಸಾಹೇಬ್ರೇ, ಅವರಿಗೆ ಸ್ವಲ್ಪ ಹೇಳಿ, ಕತ್ತರಿ ತಂದು ನನ್ನ ಮಿಷನ್ ಮೇಲೆ ಇಡಬಾರದು ಅಂತ.

ಫೋನು: ಅಮ್ಮಾ, ನಾನು ಸುಂಕ ಇಲಾಖೆ ತನಿಖಾಧಿಕಾರಿ. ಇಲ್ಲಿ ಗಂಭೀರ ವಿಚಾರಣೆ ನಡೀತಿದೆ.

ಹೆಂಡತಿ: ನಡೀಲಿ, ಯಾರು ಬೇಡ ಅಂದ್ರು? ಮಧ್ಯೆ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?

ಗಂಡ: ಸಾರ್, ಅವಳಿಗೂ ಹೇಳಿಬಿಡಿ. ಅಲ್ಲಿ ಕತ್ತರಿ ಇಟ್ಟಿದ್ದು ನಾನಲ್ಲ. ಆ ಮಿಷನ್ ಕಡೆ ನಾನು ತಲೆ ಹಾಕಿ ಕೂಡ ಮಲಗಿಲ್ಲ.

ಫೋನು: ರೀ ಮಿಸ್ಟರ್! ನೀವು ಬಂಧನದಲ್ಲಿದ್ದೀರಿ!

ಗಂಡ: ಇದ್ದೀನಿ ಸಾರ್, ಎಲ್ಲಿಗೂ ಹೋಗಿಲ್ಲ. ಕತ್ತರಿ ವಿಷಯ ಮಾತ್ರ ಹೇಳಿಬಿಡಿ.

ಗಂಡ ದರ್ಜಿ. ಹೆಂಡತಿಯೂ ದರ್ಜಿಯೇ, ಆದರೆ ಮನೆಯ ಮುಂಭಾಗದಲ್ಲೇ ಇರುವ ಅಂಗಡಿಯ ಬೋರ್ಡಿನ ಮೇಲೆ ಗಂಡನ ಫೋಟೋ ಮಾತ್ರ ಇದೆ. ಮೊನ್ನೆ ಗಿರಾಕಿಯೊಬ್ಬನ ಪ್ಯಾಂಟಿನ ಒಂದು ಕಾಲು ಎರಡು ಬೆರಳು ಗಿಡ್ಡವಾಯಿತು. ತಪ್ಪು ಅಳತೆ ತೆಗೆದ ಹೆಂಡತಿಯದೋ, ಬಟ್ಟೆ ಕತ್ತರಿಸಿದ ಗಂಡನದೋ ಎಂದು ತೀರ್ಮಾನವಾಗದೆ ಇಬ್ಬರೂ ಮಾತು ಬಿಟ್ಟರು. ಈ ಮನೆಯಲ್ಲಿ ಮಾತು ಬಿಡುವುದಕ್ಕೂ ಒಂದು ಕಾನೂನಿದೆ. ಮೊದಲು ಮಾತಾಡಿದವರು ತಪ್ಪು ಒಪ್ಪಿಕೊಂಡ ಹಾಗೆ. ಹೇಳಲೇಬೇಕಾದ ಸಂಗತಿ ಇದ್ದರೆ ಮೂರನೆಯವರ ಮೂಲಕ ಹೇಳಿಸಬೇಕು. ಅವರು ತಮ್ಮ ಬಾಯಿಂದ ತಲುಪಿಸಿದರೆ ಮಾತ್ರ ಅದು ಮಾತು. ನೇರವಾಗಿ ಕಿವಿಗೆ ಬಿದ್ದದ್ದು ಬಿದ್ದ ಹಾಗಲ್ಲ. ಯಾರೂ ಸಿಗದಿದ್ದರೆ ಅಂಗಡಿಯ ಮೂಲೆಯಲ್ಲಿ ನಿಂತ ತಲೆಯಿಲ್ಲದ ಬೊಂಬೆಯೇ ಗತಿ. ಬೊಂಬೆಗೆ ಹೇಳಿದರೆ ಅರ್ಧ ತಲುಪಿದ ಲೆಕ್ಕ. ಹೀಗಿರುವಾಗ ಬೆಳಿಗ್ಗೆ ಬೆಳಿಗ್ಗೆಯೇ ತಲೆಯೂ ಬಾಯಿಯೂ ಇರುವ ಸಾಹೇಬನೊಬ್ಬ ವಿಡಿಯೋ ಕರೆಯಲ್ಲಿ ತಾನಾಗಿಯೇ ಬಂದರೆ ಯಾರು ಬಿಡುತ್ತಾರೆ?

ಫೋನು: ಕೊನೇ ಸಲ ಹೇಳ್ತೀನಿ. ನಿಮ್ಮ ಹೆಸರಿಗೆ ಬಂದ ಪಾರ್ಸೆಲ್‌ನಲ್ಲಿ ನಿಷೇಧಿತ ಮಾಲು ಸಿಕ್ಕಿದೆ.

ಗಂಡ: ನಾನು ತರಿಸಿದ್ದು ಹಸಿರು ದಾರ ಸಾರ್. ಹಸಿರು ದಾರಕ್ಕೂ ನಿಷೇಧ ಬಂತಾ?

ಫೋನು: ದಾರ ಅಲ್ಲರೀ, ಮಾದಕ ವಸ್ತು! ಅದಕ್ಕೇ ನಿಮ್ಮನ್ನ ಮನೇಲೇ, ಕ್ಯಾಮೆರಾ ಮುಂದೆ ಬಂಧಿಸಿದ್ದೀವಿ. ಫೋನ್ ಇಡೋ ಹಾಗಿಲ್ಲ. ಈ ವಿಷಯ ಹೊರಗೆ ಬಿಡೋ ಹಾಗಿಲ್ಲ. ಮನೆಯವರ ಹತ್ರ ಕೂಡ ಮಾತಾಡೋ ಹಾಗಿಲ್ಲ.

ಗಂಡ: ಆ ಕೊನೇದರ ಬಗ್ಗೆ ನಿಶ್ಚಿಂತೆಯಾಗಿರಿ ಸಾರ್. ಅದನ್ನ ಮೊನ್ನೆಯಿಂದಲೇ ಪಾಲಿಸ್ತಿದ್ದೀನಿ.

ಹೆಂಡತಿ: ನಾನೂ ಪಾಲಿಸ್ತಿದ್ದೀನಿ ಅಂತ ಹೇಳಿ ಸಾಹೇಬ್ರೇ.

ಫೋನು: ಅವರೂ ಪಾಲಿಸ್ತಿದ್ದಾರಂತೆ... ಛೆ! ನನ್ನನ್ನೇನು ಅಂದ್ಕೊಂಡಿದ್ದೀರಿ ನೀವು?

ಮಾದಕ ವಸ್ತು ಎಂಬ ಮಾತಿಗೆ ದರ್ಜಿಯ ಮುಖ ಬಿಳಿಚಿಕೊಂಡಿತ್ತು. ಆದರೂ ಕಸುಬು ಕಸುಬೇ ನೋಡಿ. ಹೆದರಿದ ಕಣ್ಣು ಫೋನಿನಲ್ಲಿ ಕಾಣುವ ಸಮವಸ್ತ್ರದ ಮೇಲೆಯೇ ಓಡಾಡುತ್ತಿತ್ತು.

ಗಂಡ: ಸಾರ್, ತಪ್ಪು ತಿಳೀಬೇಡಿ. ನಿಮ್ಮ ಯೂನಿಫಾರ್ಮ್ ಯಾರು ಹೊಲಿದಿದ್ದು?

ಫೋನು: ಯಾಕೆ?

ಗಂಡ: ಎಡಗಡೆ ಭುಜ ಜೋತು ಬಿದ್ದಿದೆ. ಕಾಲರ್ ಒಂದು ಕಡೆ ಬೆಟ್ಟ, ಒಂದು ಕಡೆ ಕಣಿವೆ. ಇಷ್ಟು ದೊಡ್ಡ ಅಧಿಕಾರಿ ಮೈಮೇಲೆ ಇಂಥ ಹೊಲಿಗೆ ನೋಡಿದ್ರೆ ಹೊಟ್ಟೆ ಉರಿಯುತ್ತೆ ಸಾರ್.

ಫೋನು: ಅದು... ಇಲಾಖೆಯಿಂದ ಕೊಟ್ಟಿದ್ದು.

ಗಂಡ: ಅದಕ್ಕೇ! ನಾನು ಬಿಡುಗಡೆ ಆದ ತಕ್ಷಣ ಕಳಿಸಿಕೊಡಿ. ಬಿಚ್ಚಿ ಹೊಲಿದು ಕೊಡ್ತೀನಿ. ನಿಮ್ಮ ಹತ್ರ ಮಜೂರಿ ತಗೊಳ್ತೀನಾ?

ಹೆಂಡತಿ ಕನ್ನಡಕ ಏರಿಸಿಕೊಂಡು ಗಂಡನ ಹೆಗಲ ಹಿಂದಿನಿಂದ ಇಣುಕಿದಳು. ಗಂಡನಿಗೆ ಕಂಡದ್ದು ಕೆಟ್ಟ ಹೊಲಿಗೆ. ಅವಳಿಗೆ ಬೇರೆಯೇ ಕಂಡಿತು.

ಹೆಂಡತಿ: ಸಾಹೇಬ್ರೇ, ನಿಮ್ಮ ಶರ್ಟಿನ ಗುಂಡಿ ಹೆಂಗಸರ ಶರ್ಟಿನ ಹಾಗೆ ಎಡಗಡೆ ಇದೆಯಲ್ಲ? ಅವರಿಗೆ ತೋರಿಸಿ.

ಗಂಡ: ಹೇಳಿ ಸಾರ್ ಅವಳಿಗೆ. ವಿಡಿಯೋದಲ್ಲಿ ಎಡ ಬಲ ಆಗುತ್ತೆ, ಬಲ ಎಡ ಆಗುತ್ತೆ. ಅಷ್ಟೂ ತಿಳಿಯಲ್ಲ.

ಫೋನು: ಹಾಂ, ಅದೇ. ಎಡ ಬಲ ಆಗುತ್ತಮ್ಮ.

ಹೆಂಡತಿ: ಹಾಗಾದ್ರೆ ನಿಮ್ಮ ಬೆನ್ನ ಹಿಂದಿರೋ ಬೋರ್ಡಿನ ಅಕ್ಷರ ಮಾತ್ರ ಹೇಗೆ ನೆಟ್ಟಗೆ ಕಾಣ್ತಿದೆ?

ಫೋನಿನಲ್ಲಿ ಸಾಹೇಬ ಹಿಂದಕ್ಕೆ ತಿರುಗಿ ಬೋರ್ಡು ನೋಡಿದ.

ಫೋನು: ಇದು... ಮಹಿಳಾ ವಿಭಾಗದ ಯೂನಿಫಾರ್ಮ್. ತಾತ್ಕಾಲಿಕವಾಗಿ ನನ್ನನ್ನ ಅಲ್ಲಿಗೆ ಹಾಕಿದ್ದಾರೆ.

ಗಂಡ: ಪಾಪ! ಎಂಥೆಂಥ ಕಷ್ಟ ಸಾರ್ ನಿಮ್ಮ ನೌಕರೀಲಿ!

ಹೆಂಡತಿ: ಸಾಹೇಬ್ರೇ, ಅವರಿಗೆ ಒಂದು ಮಾತು ಹೇಳಿ.

ಫೋನು: ಮತ್ತೆ ಕತ್ತರಿನಾ?

ಹೆಂಡತಿ: ಅಲ್ಲ. ನೀವು ಕಳ್ಳ ಅಂತ ಹೇಳಿ.

ಫೋನು: ಏನು?

ಹೆಂಡತಿ: ನೀವು ಕಳ್ಳ. ಅಧಿಕಾರಿನೂ ಅಲ್ಲ, ಎಂಥದ್ದೂ ಅಲ್ಲ. ಅದನ್ನ ಅವರಿಗೆ ತಿಳಿಸಿ. ನಾನು ಹೇಳೋ ಹಾಗಿಲ್ಲ, ನೀವೇ ಹೇಳಬೇಕು.

ಫೋನು: ಅಮ್ಮಾ, ಅದನ್ನ ನಾನು ಹೇಗಮ್ಮ ಹೇಳಲಿ?

ಗಂಡ: ಏನಂತೆ ಸಾರ್?

ಫೋನು: ಏನಿಲ್ಲ, ಏನಿಲ್ಲ. ನಿಮ್ಮ ಆರೋಗ್ಯ ವಿಚಾರಿಸ್ತಿದ್ದಾರೆ.

ಹೆಂಡತಿ: ಅಯ್ಯೋ, ನಿಮ್ಮ ನಾಲಿಗೆಗಿಷ್ಟು! ಆ ಬೊಂಬೆ ಕೂಡ ನನ್ನ ಮಾತನ್ನ ಹೀಗೆ ತಿರುಚಿರಲಿಲ್ಲ.

ದರ್ಜಿ ಎಲ್ಲವನ್ನೂ ಕೇಳಿಸಿಕೊಂಡಿದ್ದ, ಕಿವಿ ಎರಡೂ ಚೆನ್ನಾಗಿಯೇ ಇವೆ. ಆದರೆ ತಲುಪದ ಮಾತು ಮಾತಲ್ಲವಲ್ಲ. ಅದನ್ನು ಕೇಳಿಸಿಕೊಂಡೆ ಎಂದರೆ ಪ್ಯಾಂಟಿನ ಕಾಲು ತನ್ನ ತಲೆಗೆ ಸುತ್ತಿಕೊಳ್ಳುತ್ತದೆ. ಮನುಷ್ಯ ಜಗಳದಲ್ಲಿ ಗೆಲ್ಲುವುದಕ್ಕೆ ಎಷ್ಟು ದೂರ ಬೇಕಾದರೂ ಹೋಗುತ್ತಾನೆ.

ಫೋನು: ಸಾಕು! ಈಗ ಕೆಲಸಕ್ಕೆ ಬರೋಣ. ನಿಮ್ಮ ಖಾತೆಯಲ್ಲಿರೋದು ಶುದ್ಧ ಹಣವೋ ಅಲ್ಲವೋ ಪರಿಶೀಲಿಸಬೇಕು. ಪೂರ್ತಿ ಹಣ ಸರ್ಕಾರದ ಖಾತೆಗೆ ಹಾಕಿ. ನಂಬರ್ ಕಳಿಸಿದ್ದೀನಿ. ಸಂಜೆ ಒಳಗೆ ವಾಪಸ್ ಬರುತ್ತೆ.

ಗಂಡ: ಪೂರ್ತಿನಾ ಸಾರ್?

ಫೋನು: ಪೂರ್ತಿ. ಇಲ್ಲಾಂದ್ರೆ ಇನ್ನು ಸ್ವಲ್ಪ ಹೊತ್ತಲ್ಲಿ ಜೀಪು ಬರುತ್ತೆ.

ಹೆಂಡತಿ ಫೋನಿನ ಹತ್ತಿರಕ್ಕೆ ಬಾಗಿದಳು. ಆ ಹಣ ಮೋಟಾರ್ ಇರುವ ಹೊಲಿಗೆ ಮಿಷನ್ನಿಗೆಂದು ಕೂಡಿಸಿಟ್ಟದ್ದು. ಕಾಲಲ್ಲಿ ತುಳಿದು ತುಳಿದು ಅವಳ ಮೊಣಕಾಲು ಸವೆದುಹೋಗಿತ್ತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಅಂಗಡಿಯವನಿಗೆ ಹೇಳಿ ಮಿಷನ್ ತೆಗೆದಿರಿಸಿಯೂ ಆಗಿತ್ತು.

ಹೆಂಡತಿ: ಸಾಹೇಬ್ರೇ, ನಾನು ಹೇಳೋದನ್ನ ಹೇಳಿದ ಹಾಗೇ ಹೇಳಿ. ಯಾವ ಇಲಾಖೆಯವರೂ ಫೋನಲ್ಲಿ ಯಾರನ್ನೂ ಬಂಧಿಸಲ್ಲ. ದುಡ್ಡು ಕಳಿಸು, ನೋಡಿ ವಾಪಸ್ ಕೊಡ್ತೀವಿ ಅನ್ನಲ್ಲ. ಮನೆಯವರಿಂದ ಮುಚ್ಚಿಡು ಅನ್ನಲ್ಲ. ಹೀಗೆಲ್ಲ ಅಂದ್ರೆ ಅವನು ಕಳ್ಳನೇ. ಹೇಳಿ!

ಫೋನು: ನಿಮ್ಮ ಮನೆಯವರು ಏನಂತಿದ್ದಾರೆ ಅಂದ್ರೆ... ಯೋಚನೆ ಮಾಡಬೇಡಿ, ಬೇಗ ದುಡ್ಡು ಕಳಿಸಿಬಿಡಿ ಅಂತಿದ್ದಾರೆ.

ಗಂಡ: (ಹುಬ್ಬು ಗಂಟಿಕ್ಕಿ) ಹಾಗಂದ್ಲಾ?

ಫೋನು: ಹಾಗೇ ಅಂದ್ರು.

ಗಂಡ: ವಿಚಿತ್ರ ಸಾರ್. ಮದುವೆ ಆದಾಗಿನಿಂದ ಅವಳು ನನಗೆ ದುಡ್ಡು ಬಿಚ್ಚು ಅಂದವಳೇ ಅಲ್ಲ. ಇನ್ನೊಂದ್ಸಲ ಕೇಳಿ ನೋಡಿ.

ಫೋನು: ರೀ, ಜೀಪು ಹೊರಟಾಯ್ತು!

ಜೀಪಿನ ಹೆಸರು ಕೇಳಿದ್ದೇ ದರ್ಜಿಗೆ ಬಂದಿದ್ದ ಅನುಮಾನ ಬಾಗಿಲ ಹತ್ತಿರದಿಂದಲೇ ವಾಪಸ್ ಹೋಯಿತು. ಅವನು ಸಾಹೇಬ ಕಳಿಸಿದ ಖಾತೆ ಸಂಖ್ಯೆ ಒತ್ತಿದ. ಹೆಂಡತಿ ಫೋನಿಗೆ ಕೈ ಹಾಕಿದಳು. ಅವನು ಕತ್ತರಿಸುವ ಮೇಜಿನ ಮೇಲೆ ಹತ್ತಿ ನಿಂತು ಫೋನನ್ನು ಫ್ಯಾನಿನ ಹತ್ತಿರಕ್ಕೆ ಎತ್ತಿ ಹಿಡಿದ. ಅವಳ ಮೊಣಕಾಲಿಗೆ ಮೇಜು ಹತ್ತುವ ಶಕ್ತಿ ಇರಲಿಲ್ಲ. ಅವಳು ಬೊಂಬೆಯ ಕಡೆ ತಿರುಗಿ "ನೀನಾದ್ರೂ ಹೇಳೇ!" ಎಂದಳು.

ಫೋನು: ಈಗ ನಿಮ್ಮ ಗುಪ್ತ ಸಂಖ್ಯೆ ಒತ್ತಿ. ಒತ್ತಿ, ಒತ್ತಿ.

ಹೆಂಡತಿ: ರೀ! ಒತ್ತಬೇಡ್ರೀ! ನಿಮಗೆ ಕೈ ಮುಗೀತೀನಿ, ಅದು ನನ್ನ ಮೊಣಕಾಲು ಕಣ್ರೀ!

ದರ್ಜಿಯ ಬೆರಳು ಗಾಳಿಯಲ್ಲೇ ನಿಂತಿತು. ಹೆಂಡತಿ ನೇರವಾಗಿ ಮಾತಾಡಿದ್ದಾಳೆ. ಗೆಲ್ಲುವ ಜಗಳವನ್ನು ಕೈಯಾರೆ ಬಿಟ್ಟುಕೊಟ್ಟಿದ್ದಾಳೆ. ಇವಳು ಸೋಲುವುದಕ್ಕೂ ತಯಾರಾಗಿದ್ದಾಳೆ ಎಂದರೆ ವಿಷಯ ಪ್ಯಾಂಟಿನ ಕಾಲಿಗಿಂತ ದೊಡ್ಡದೇ ಇರಬೇಕು ಎಂದು ಅವನಿಗೆ ಆಗ ಹೊಳೆಯಿತು.

ಫೋನು: ಏನ್ರೀ ನೋಡ್ತಿದ್ದೀರಿ? ಒತ್ತಿ!

ಗಂಡ: ಸಾರ್, ನೀವು ಇಡಿ. ಮನೆಯವಳು ಮಾತಾಡ್ತಿದ್ದಾಳೆ.

ಫೋನು ಕಟ್ಟಾಯಿತು. ದರ್ಜಿ ಮೇಜಿನಿಂದ ಇಳಿದು ಬೆವರೊರೆಸಿಕೊಂಡ. ಬೇರೆ ಯಾರಾದರೂ ಆಗಿದ್ದರೆ ಹೆಂಡತಿಗೆ ಎರಡು ಒಳ್ಳೆ ಮಾತು ಹೇಳುತ್ತಿದ್ದರು.

ಗಂಡ: ಮೊದಲು ಬಾಯಿ ಬಿಟ್ಟಿದ್ದು ನೀನೇ!

ಹೆಂಡತಿ: ಆಹಾ! ಮನೆ ಹಾಳಾಗೋದು ತಪ್ಪಿತು, ನಿಮಗೆ ಅದೇ ದೊಡ್ಡದಾಯ್ತಾ?

ಗಂಡ: ಹಾಳಾಗೋಕೆ ನಾನೇನು ದಡ್ಡನಾ? ಅವನು ಕಳ್ಳ ಅಂತ ನನಗೆ ಮೊದಲ ಮಾತಿಗೇ ಗೊತ್ತಾಗಿತ್ತು. ನಿನ್ನ ಬಾಯಿ ಬಿಡಿಸೋಣ ಅಂತ ನಾಟಕ ಆಡಿದೆ.

ಹೆಂಡತಿ: ಹೌದಾ? ಸರಿ. ಈಗ ಆ ನಾಟಕದ ಕಥೆನ ದೂರಿನ ಸಹಾಯವಾಣಿಗೆ ಹೇಳಿ. ಬ್ಯಾಂಕಿನ ಪಾಸ್‌ಬುಕ್ ಹಿಂದೆ ನಂಬರ್ ಇದೆ.

ಗಂಡ: ದೂರು ಯಾಕೆ? ದುಡ್ಡು ಹೋಗಿಲ್ಲವಲ್ಲ.

ಹೆಂಡತಿ: ನಮ್ಮದು ಹೋಗಿಲ್ಲ. ಅವನು ಇಷ್ಟು ಹೊತ್ತಿಗೆ ಇನ್ನೊಂದು ಮನೆಗೆ ಫೋನ್ ಹಚ್ಚಿರ್ತಾನೆ. ಅಲ್ಲೂ ಗಂಡ ಹೆಂಡತಿ ಮಾತು ಬಿಟ್ಟಿದ್ರೆ ಏನ್ರೀ ಗತಿ?

ಹೆಂಡತಿಯೇ ನಂಬರ್ ಒತ್ತಿ, ಎಲ್ಲರಿಗೂ ಕೇಳಿಸುವ ಹಾಗೆ ಮಾಡಿ, ಫೋನನ್ನು ಮೇಜಿನ ಮೇಲೆ ಇಟ್ಟಳು. ಆ ಕಡೆಯಿಂದ ಒಬ್ಬ ಹೆಣ್ಣುಮಗಳ ಸಮಾಧಾನದ ದನಿ ಬಂತು. ಕರೆ ಬಂದ ನಂಬರ್, ಅವನು ಹೇಳಿದ ಇಲಾಖೆ, ಹಣ ಹಾಕಲು ಕೊಟ್ಟ ಖಾತೆ, ಎಲ್ಲವನ್ನೂ ಒಂದೊಂದಾಗಿ ಕೇಳಿ ಬರೆದುಕೊಂಡಳು.

ಸಹಾಯವಾಣಿ: ಒಳ್ಳೆ ಕೆಲಸ ಮಾಡಿದ್ರಿ ಸರ್, ಹಣ ಹೋಗದಿದ್ರೂ ತಿಳಿಸಿದ್ರಿ. ಇದು ಮೋಸ ಅಂತ ನಿಮಗೆ ಯಾವಾಗ ಅನುಮಾನ ಬಂತು?

ಗಂಡ: (ಎದೆ ಉಬ್ಬಿಸಿ) ಮೊದಲ ಮಾತಿಗೇ.

ಸಹಾಯವಾಣಿ: ತುಂಬಾ ಸಂತೋಷ. ಅವನಿಗೆ ಏನೂ ವಿವರ ಕೊಟ್ಟಿಲ್ಲ ತಾನೇ?

ಗಂಡ: ಏನೂ ಇಲ್ಲ... ಶುರುವಿನಲ್ಲೇ ಕೇಳಿದ್ದ, ಬ್ಯಾಂಕ್ ಖಾತೆ ನಂಬರ್ ಒಂದು. ಹುಟ್ಟಿದ ತಾರೀಕು. ಆಮೇಲೆ ನಮ್ಮ ತಾಯಿ ಹೆಸರು.

ಸಹಾಯವಾಣಿ: ಕಳ್ಳ ಅಂತ ಗೊತ್ತಿದ್ದೂ ಕೊಟ್ರಾ?

ಗಂಡ: ಅವನನ್ನ ಪರೀಕ್ಷೆ ಮಾಡೋಣ ಅಂತ...

ಸಹಾಯವಾಣಿ: ಹಣ ಹಾಕೋಕೂ ಹೊರಟಿದ್ರಾ?

ಗಂಡ: ಅದು ಪರೀಕ್ಷೆಯ ಎರಡನೇ ಭಾಗ.

ಸಹಾಯವಾಣಿ: ಸರ್, ಗೊತ್ತಿದ್ದೂ ಗೊತ್ತಿದ್ದೂ ಹೀಗೆ ಯಾಕೆ ಮಾಡಿದ್ರಿ ಅಂತ ಮುಂದೆ ಕೇಳ್ತಾರೆ. ಅದಕ್ಕೆ ಏನು ಬರ್ಕೊಳ್ಳಲಿ?

ದರ್ಜಿ ಹೆಂಡತಿಯ ಮುಖ ನೋಡಿದ. ಅವಳು ಸೂಜಿಗೆ ದಾರ ಪೋಣಿಸುವುದರಲ್ಲಿ ಮಗ್ನಳಾಗಿದ್ದಳು. ಕಿವಿ ಮಾತ್ರ ಫೋನಿನ ಕಡೆಗಿತ್ತು.

ಗಂಡ: ಒಂದು ನಿಮಿಷ. ಅಲ್ಲಮ್ಮ, ನೀನಾದ್ರೂ ನಿಜವಾಗ್ಲೂ ಸರ್ಕಾರದವಳು ಅಂತ ಏನು ಗ್ಯಾರಂಟಿ? ಸರ್ಕಾರದ ಹೆಸರಲ್ಲಿ ಯಾರೇ ಕೇಳಿದ್ರೂ ಏನೂ ಹೇಳಬಾರದು! ಲೇ, ಇದೂ ಮೋಸದ ಕರೆ, ಇಡು ಫೋನು!

ಹೆಂಡತಿ: ಕರೆ ಮಾಡಿದ್ದು ನಾವು ಕಣ್ರೀ.

ಗಂಡ: ಹೌದಲ್ಲ... ಆದ್ರೂ ಎಚ್ಚರಿಕೆ ಒಳ್ಳೇದು.

ಸಹಾಯವಾಣಿ: ಸರ್, ಬೇಗ ಹೇಳಿ. ಖಾತೆ ವಿವರ ಕೊಟ್ಟಿದ್ದೀರಿ, ಬ್ಯಾಂಕಿಗೂ ತಿಳಿಸಬೇಕು. ಕಳ್ಳ ಅಂತ ನಿಜವಾಗಿ ಗೊತ್ತಾಗಿದ್ದು ಯಾವಾಗ?

ದರ್ಜಿ ಫೋನಿನ ಕಡೆ ಬಾಗಿದ. ದನಿ ಹೊರಗೆ ಬರಲೋ ಬೇಡವೋ ಎಂದು ಅನುಮಾನಿಸುತ್ತ ಬಂತು.

ಗಂಡ: ಹೆಂಡತಿ ಹೇಳಿದಾಗ.

ಸಹಾಯವಾಣಿ: ಸರಿಯಾಗಿ ಕೇಳಿಸಲಿಲ್ಲ ಸರ್.

ಗಂಡ: ಹೆಂಡತಿ ಹೇಳಿದಾಗಮ್ಮ! ನನಗೆ ಏನೂ ಗೊತ್ತಾಗಲಿಲ್ಲ. ಹೆದರಿ ಸತ್ತೆ. ಅವಳು ಹೇಳಿದ್ದಕ್ಕೆ ಉಳ್ಕೊಂಡೆ. ಸಾಕಾ?

ಸಹಾಯವಾಣಿ: ಆಯ್ತು ಸರ್. ಓದ್ತೀನಿ, ಸರಿಯಾ ನೋಡಿ. "ನನಗೆ ಏನೂ ಗೊತ್ತಾಗಲಿಲ್ಲ. ಹೆಂಡತಿಯ ಮಾತು ಕೇಳಿದ್ದರಿಂದ ನಷ್ಟ ತಪ್ಪಿತು."

ಹೆಂಡತಿ: ಲೈನು ಸ್ವಲ್ಪ ಸರಿ ಇಲ್ಲಮ್ಮ. ಇನ್ನೊಂದ್ಸಲ ಓದ್ತೀಯಾ? ನಿಧಾನವಾಗಿ.

ಸಹಾಯವಾಣಿಯ ಹೆಣ್ಣುಮಗಳು ನಿಧಾನವಾಗಿ ಓದಿದಳು. ಅವಳಿಗೂ ಆ ವಾಕ್ಯ ಹಿಡಿಸಿದ ಹಾಗಿತ್ತು.

ಗಂಡ: ತಾಯೀ, ಕಳ್ಳನ ವಿಷಯ ಎಲ್ಲ ಇರಲಿ. ಕೊನೇ ಸಾಲು ಒಂದು ತೆಗೆದುಬಿಡೋಕೆ ಆಗುತ್ತಾ?

ಸಹಾಯವಾಣಿ: ಇಲ್ಲ ಸರ್. ಒಂದ್ಸಲ ದಾಖಲಾಗಿದ್ದನ್ನ ತೆಗೆಯೋಕೆ ಬರಲ್ಲ. ತೆಗೀಬೇಕು ಅಂದ್ರೆ ನೀವೇ ಖುದ್ದಾಗಿ ಕಚೇರಿಗೆ ಬಂದು ಅರ್ಜಿ ಕೊಡಬೇಕು. ಅದಕ್ಕೆ ಮೇಲಧಿಕಾರಿ ಸಹಿ ಬೇಕು. ಅವರು ರಜೆಯಲ್ಲಿದ್ದಾರೆ.

ಹೆಂಡತಿ: (ಗಂಡನ ಬೆನ್ನು ತಟ್ಟಿ) ಇನ್ನು ಧೈರ್ಯವಾಗಿ ನಂಬ್ರೀ. ಇವರು ನಿಜವಾದ ಸರ್ಕಾರದವರೇ.