ಪೆನ್ನಿಲ್ಲದ ಪರೀಕ್ಷೆ

ಯಾರಾದರೂ ‘ತಿಂಡಿ ಆಯ್ತಾ’ ಎಂದರೆ ಉತ್ತರ ಕೊಡಬೇಕು. ಭದ್ರಾವತಿಯ ನ್ಯೂ ಟೌನಿನಲ್ಲಿ ಅಷ್ಟು ಮರ್ಯಾದೆ ಕೂಸುಗಳಿಗೂ ಗೊತ್ತು. ಸಫೂರಾಳಿಗೆ ಅಂದು ಮುಳುವಾದದ್ದು ಅದೇ.

ಅವತ್ತು ಅವಳ ಡಿಗ್ರಿಯ ಕಡೇ ಪರೀಕ್ಷೆ, ಅದೂ ಮೊಬೈಲಿನಲ್ಲಿ. ಮನೆತನದಲ್ಲಿ ಅಷ್ಟು ಓದಿದವಳು ಇವಳೊಬ್ಬಳೇ. ಇದು ಕೈತಪ್ಪಿದರೆ ಒಂದು ವರ್ಷ ಹಾಳು. ಕಾವಲಿಗೆ ಮೇಷ್ಟರಿಲ್ಲ, ಒಂದು ಆ್ಯಪ್. ಮುಖ ತಿರುಗಿಸಬಾರದು, ಮಾತಾಡಬಾರದು, ಪಕ್ಕದಲ್ಲಿ ಇನ್ನೊಬ್ಬರು ಸುಳಿಯಬಾರದು. ಮೂರು ಸಲ ತಪ್ಪಿದರೆ ಪರೀಕ್ಷೆ ಬಂದ್. ಅಜ್ಜಿ ಕರೀಮಾಬಿಯನ್ನು ಅಡುಗೆಮನೆಗೆ ಕಳಿಸಿ, ಸಫೂರಾ ಫೋಟೋಗೆ ಕೂತ ಮದುಮಗಳಂತೆ ಮೊಬೈಲಿನೆದುರು ಬಿಗಿದುಕೊಂಡು ಕುಳಿತಳು.

ಕಿಟಕಿಯಲ್ಲಿ ಪಕ್ಕದ ಮನೆಯ ನಂಜಮ್ಮನ ತಲೆ ಮೂಡಿತು.

“ಏನ್ ಸಫೂರಾ, ತಿಂಡಿ ಆಯ್ತಾ?”

ಸಫೂರಾ ಪರದೆಯಿಂದ ಕಣ್ಣು ಕೀಳಲಿಲ್ಲ.

“ಏನ್ ಮಾಡಿದ್ರಿ, ದೋಸೆನಾ?”

ಅವಳು ರೆಪ್ಪೆ ಮಿಟುಕಿಸಿದಳು, ಅಷ್ಟೆ. ‘ಬೇರೆ ದನಿ ಕೇಳಿಸುತ್ತಿದೆ, ಮೊದಲ ಎಚ್ಚರಿಕೆ’ ಎಂದು ಪರದೆ ಕೆಂಪಾಯಿತು.

ನಂಜಮ್ಮ ಹಿತ್ತಲ ಬಾಗಿಲಿಗೆ ಓಡಿದರು. “ಕರೀಮಾಬಿ, ನಿಮ್ಮ ಹುಡುಗಿಗೆ ಮಾತೇ ಬರ್ತಿಲ್ಲ.”

“ಅದು ಎಕ್ಸಾಮ್ ಬರೀತಿದೆ, ನಂಜಮ್ಮ.”

“ಬರೆಯೋರ ಕೈಲಿ ಒಂದು ಪೆನ್ನಾದ್ರೂ ಬೇಡ್ವಾ? ಗುಬ್ಬಿ ಕನ್ನಡಿ ನೋಡ್ದಂಗೆ ಕೂತಿದೆ. ದೃಷ್ಟಿ ಮಾರಾಯ್ತಿ, ದೃಷ್ಟಿ.”

ಪೆನ್ನಿಲ್ಲದ ಪರೀಕ್ಷೆಯನ್ನು ಕರೀಮಾಬಿಯೂ ಕಂಡವರಲ್ಲ. ಬಾಣಲೆಯನ್ನು ಒಲೆಯ ಮೇಲಿಟ್ಟರು. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನಂಜಮ್ಮ ಒಳಬಂದು ಸಫೂರಾಳ ಮುಖಕ್ಕೆ ನಿವಾಳಿಸಿದರು. ಪರದೆಯ ಮೇಲೆ ಬಳೆ ತೊಟ್ಟ ಕೈ ಸುತ್ತಿತು. ಎರಡನೇ ಎಚ್ಚರಿಕೆ. ಕರೀಮಾಬಿ ಅದನ್ನೆಲ್ಲ ಕಾದ ಬಾಣಲೆಗೆ ಹಾಕಿದ್ದೇ ತಡ, ಘಾಟು ಮನೆ ತುಂಬಿತು.

“ಬಸ್ ದಾದಿ, ಸಾಕು,” ಎಂದು ಸಫೂರಾ ಕೆಮ್ಮಿದಳು. ಪರದೆ ಕಪ್ಪಾಯಿತು.

“ಮಾತು ಬಂತು,” ಎಂದು ನಂಜಮ್ಮ ಕೈಮುಗಿದರು.

ಸಫೂರಾ ಅತ್ತು ಅತ್ತು ಸುಸ್ತಾಗಿದ್ದಾಗ ಕಾಲೇಜಿನ ಷಡಕ್ಷರಪ್ಪ ಮೇಷ್ಟರ ಫೋನು ಬಂತು.

“ಅಳ್ಬೇಡಮ್ಮ. ಎಲ್ಲರ ಮನೇಲೂ ಇದೇ ಗೋಳು. ಒಬ್ಬನ ಹೆಗಲ ಮೇಲೆ ಹುಂಜ ಬಂದು ಕೂತಿದೆ. ಪರೀಕ್ಷೆನೇ ರದ್ದು. ಸೋಮವಾರ ಶಿವಮೊಗ್ಗದ ವಿನೋಬನಗರದಲ್ಲಿ, ಹಾಲ್‌ನಲ್ಲಿ ಕೂತು ಬರೆಯೋದು.”

ಸಫೂರಾಳಿಗೆ ಹೋದ ಜೀವ ಬಂತು. ನಂಜಮ್ಮನ ಕಿಟಕಿ ಶಿವಮೊಗ್ಗದವರೆಗೆ ಚಾಚುವುದಿಲ್ಲ. ಮುಖ ತೊಳೆದು, ಪುಸ್ತಕ ತೆರೆದು ಹುರುಪಿನಿಂದ ಓದಲು ಕೂತಳು.

ಸಂಜೆ ನಂಜಮ್ಮ ನಗುನಗುತ್ತ ಬಂದರು. “ವಿನೋಬನಗರದ ಹಾಲಂತೆ? ಅಲ್ಲಿ ಕಾವಲು ಕೂರೋಳು ನನ್ನ ತಂಗಿ ಮಗಳು ಸುಮನಾನೇ ಕಣೇ. ಫೋನ್ ಮಾಡಿ ಹೇಳಿಟ್ಟಿದೀನಿ. ನಮ್ಮ ಹುಡುಗಿಗೆ ಬರೀವಾಗ ಬಾಯಿ ಕಟ್ಟೋಗುತ್ತೆ, ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಮಾತಾಡಿಸ್ತಾ ಇರು ಅಂತ. ಖುಷಿಯಾಗಿ ಒಪ್ಕೊಂಡ್ಲು. ಅವಳಿಗೂ ಮೂರು ಗಂಟೆ ಸುಮ್ನೆ ಕೂರೋದು ಅಂದ್ರೆ ಬೇಜಾರಂತೆ.”