ದೇವಣ್ಣನ ಹಲ್ಲಿಗೆ ಅಗ್ನಿಪರೀಕ್ಷೆ

“ನಾನ್ ಬದುಕಿರೋಗಂಟ ಈ ಮನೇಲಿ ನಕಲಿ ಅನ್ನೋದು ಒಂದೆಳೆನೂ ಒಳಿಕ್ ಬರಕೂಡ್ದು!”

ಕೊಳ್ಳೇಗಾಲದ ರೇಷ್ಮೆ ನೇಕಾರ ದೇವಣ್ಣನವರ ಈ ಘೋಷಣೆ ಬೀದಿಗೆಲ್ಲ ಬಾಯಿಪಾಠ. ಬರೀ ಮಾತಲ್ಲ, ಪರೀಕ್ಷೆಯೂ ಉಂಟು! ಸೀರೆಯಿಂದ ಒಂದೆಳೆ ಕಿತ್ತು ಕಡ್ಡಿ ಗೀರುವುದು. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಅಸಲಿ ರೇಷ್ಮೆ. ಕರಗಿ ಗುಂಡಾಗಿ ಅಂಟಿಕೊಂಡರೆ ಪ್ಲಾಸ್ಟಿಕ್! ಒಮ್ಮೆ ಹನೂರಿನ ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ಹೆಂಗಸಿನ ಸೆರಗಿನಿಂದಲೇ ಎಳೆ ಕಿತ್ತು ಕಡ್ಡಿ ಗೀರಿದ್ದರು. ಆಕೆ ವರನ ಸೋದರತ್ತೆ. ಅಂದು ದೇವಣ್ಣನವರೂ ಹೆಂಡತಿ ರುದ್ರಾಣಿಯೂ ಪಾಯಸ ಬರುವ ಮೊದಲೇ ಎಲೆ ಬಿಟ್ಟು ಏಳಬೇಕಾಯಿತು.

ಇಂಥವರ ಮುಂದಿನ ಹಲ್ಲುಗಳು ಹೋದದ್ದೂ ರೇಷ್ಮೆಯಿಂದಲೇ. ಮಗ್ಗದಲ್ಲಿ ತುಂಡಾದ ಎಳೆಗೆ ಗಂಟು ಹಾಕಿ, ಉಳಿದ ತುದಿಯನ್ನು ಹಲ್ಲಿನಿಂದ ಕಚ್ಚಿ ಕತ್ತರಿಸುವುದು ಅವರ ಹಳೆಯ ಅಭ್ಯಾಸ. ಮೇಲಿನ ಹಲ್ಲುಗಳು ಸವೆದು, ಅಲುಗಾಡಿ, ಕೊನೆಗೆ ಒಂದೊಂದಾಗಿ ರಾಜೀನಾಮೆ ಕೊಟ್ಟವು.

“ಮನೇಲಿ ಕತ್ತರಿ ಇರಲಿಲ್ವಾ?” ಎಂದರು ಹಲ್ಲಿನ ಡಾಕ್ಟರ್ ಮಾಲಿನಿ.

“ಕತ್ತರಿ ಉಡ್ಕೋ ಒತ್ಗೆ ಇನ್ನೊಂದ್ ಗೇಣು ನೇಯ್ಬೋದು ಮೇಡಂ!”

ಡಾಕ್ಟರು ದವಡೆಗೆ ಸ್ಕ್ರೂ ಕೂರಿಸಿ, ಮಾಗಲು ತಿಂಗಳುಗಟ್ಟಲೆ ಬಿಟ್ಟು, ಮಗಳು ಸ್ಪಂದನಳ ನಿಶ್ಚಿತಾರ್ಥದ ಹಿಂದಿನ ದಿನ ಅದರ ಮೇಲೆ ಹೊಸ ಹಲ್ಲು ಬಿಗಿದರು. ಕನ್ನಡಿ ನೋಡಿ ದೇವಣ್ಣ ಹಿಗ್ಗಿಹೋದರು. ಮೇಲೆ ಕೊಬ್ಬರಿ ಎಣ್ಣೆ ತೀಡಿದ ಗಿರಿಜಾ ಮೀಸೆ, ಕೆಳಗೆ ಥಳಥಳ ಹಲ್ಲು!

“ಉಟ್ಟಾಗ್ಲೇ ಬಂದಂಗವೆ ಮೇಡಂ! ಯಾತರಲ್ಲಿ ಮಾಡಿದ್ದು?”

“ಹೊರಗಡೆ ಹಲ್ಲಿನ ಬಣ್ಣದ ಲೇಪ. ಒಳಗಿನ ಚೌಕಟ್ಟು ಪೀಕ್ ಅಂತ, ಒಂದು ಪಾಲಿಮರ್. ಹಗುರ, ತುಕ್ಕಿಲ್ಲ, ಲೋಹದ ರುಚಿ ಇಲ್ಲ. ಕಚ್ಚಿದಾಗ ಮೂಳೆ ಥರಾನೇ ಚೂರು ಬಳುಕಿ ಪೆಟ್ಟು ತಡ್ಕೊಳ್ಳುತ್ತೆ. ವಿಮಾನಕ್ಕೂ ಬಳಸ್ತಾರೆ.”

“ಪಾಲಿಮರ್ ಅಂದ್ರೆ?”

“ಪ್ಲಾಸ್ಟಿಕ್ ಕುಟುಂಬದ್ದೇ ಅನ್ನಿ. ಆದ್ರೆ…”

ಆ ‘ಆದ್ರೆ’ಯ ಮುಂದಿನದು ದೇವಣ್ಣನವರ ಕಿವಿಗೆ ಬೀಳಲಿಲ್ಲ. ಪ್ಲಾಸ್ಟಿಕ್! ಮನೆಯೊಳಕ್ಕಲ್ಲ, ನೇರ ಬಾಯೊಳಕ್ಕೇ!

ದಾರಿಯುದ್ದಕ್ಕೂ ಅವರ ಕಣ್ಣೆದುರು ಒಂದೇ ಚಿತ್ರ. ನಾಳೆ ಯಳಂದೂರಿನ ಬೀಗರು ಸಾಲಾಗಿ ಕೂತಿದ್ದಾರೆ. ಬಿಸಿ ಪಾಯಸ ಬರುತ್ತದೆ. ಮೊದಲ ಗುಟುಕಿಗೇ ಹಲ್ಲು ಕರಗಿ ತುಟಿಯ ಮೇಲೆ ಇಳಿಯುತ್ತದೆ! ಮಗಳ ಸಂಬಂಧ ಅಲ್ಲಿಗೆ ಮುಗಿದಂತೆಯೇ. ಪಾಪ, ಆ ಮನುಷ್ಯನಿಗೆ ನಿಜಕ್ಕೂ ಹೆದರಿಕೆಯಾಯಿತು. ಕರಗುವುದಾದರೆ ಬೀಗರ ಮುಂದೆ ಬೇಡ, ಇವತ್ತೇ ಕರಗಲಿ! ಪರೀಕ್ಷೆ ಹೇಗೂ ಗೊತ್ತೇ ಇದೆಯಲ್ಲ.

ಹಲ್ಲೇನೋ ಬಾಯಿಂದ ಬಿಚ್ಚುವಂಥದ್ದಲ್ಲ. ಆದರೇನಂತೆ, ಬೆಂಕಿಯೇ ಬಾಯಿಗೆ ಬಂದರಾಯಿತು! ಮಗ್ಗದ ಕೋಣೆಯಲ್ಲಿ ಕನ್ನಡಿಯ ಮುಂದೆ ನಿಂತು, ಹಲ್ಲು ಕಿರಿದು, ದೇವಣ್ಣ ಕಡ್ಡಿ ಗೀರಿದರು. ಹತ್ತಿರ ತಂದರು. ಇನ್ನೂ ಹತ್ತಿರ ತಂದರು.

ಭಗ್!

ಅಡುಗೆಮನೆಯಿಂದ ರುದ್ರಾಣಿಯ ಕೂಗು ಬಂತು. “ಏನ್ರೀ, ಯಾವ್ ಸೀರೆದು ಎಳೆ ಸುಡ್ತಾ ಇದ್ದೀರಿ? ವಾಸ್ನೆ ಇಲ್ಲಿಗಂಟ ಬತ್ತಾ ಅದೆ. ಅಸಲಿ ರೇಷ್ಮೆನೇ ಬುಡಿ!”

ಒಳಗೆ ಬಂದು ನೋಡಿದರೆ ಯಜಮಾನರು ಒದ್ದೆ ಟವೆಲನ್ನು ಮುಖಕ್ಕೆ ಬಡಿದುಕೊಳ್ಳುತ್ತಿದ್ದಾರೆ. ಟವೆಲು ಸರಿಸಿದಾಗ ಎಡಗಡೆ ಗಿರಿಜಾ ಮೀಸೆ, ಬಲಗಡೆ ಬಟ್ಟಬಯಲು!

“ಅಯ್ಯೋ, ಇದೇನ್ರೀ ಮಾಡ್ಕಂಡ್ರಿ!”

“ಅಲ್ಲು… ಅಲ್ಲು ನೋಡೇ ಮೊದ್ಲು! ಕರ್ಗೋಯ್ತಾ?”

ರುದ್ರಾಣಿ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಹಲ್ಲುಗಳು ಏನೂ ಆಗದವರಂತೆ ಥಳಥಳ ಹೊಳೆಯುತ್ತಿದ್ದವು. ಕ್ಷೌರಿಕ ಬಂದು ಉಳಿದರ್ಧ ಮೀಸೆಯನ್ನೂ ತೆಗೆದುಹೋದ. ದೇವಣ್ಣನವರ ಕಣ್ಣಲ್ಲಿ ನೀರಾಡಿತು.

ನಿಶ್ಚಿತಾರ್ಥ ಮಾತ್ರ ಸುಸೂತ್ರ. ಬಿಸಿ ಪಾಯಸ ಇಳಿಯಿತು, ಹಲ್ಲು ನಿಂತಿತು. ಕಾಫಿ ಇಳಿಯಿತು, ಹಲ್ಲು ನಿಂತಿತು. ಧೈರ್ಯ ಬಂದು ಕೋಡುಬಳೆ ಕಚ್ಚಿದರು. ಕಟುಂ! ಮುರಿದದ್ದು ಕೋಡುಬಳೆಯೇ. ಮೀಸೆ ಹೋದ ದುಃಖ ಮರೆತು ದೇವಣ್ಣ ಮನಸ್ಸಿನಲ್ಲೇ ಡಾಕ್ಟರಮ್ಮನಿಗೆ ಕೈಮುಗಿದರು. ಎಂಥ ಕೈಕೆಲಸ! ಎಂಥ ಗಟ್ಟಿ ಸರಕು!

ಎದುರಿಗಿದ್ದ ಬೀಗರು ಕುಮಾರಸ್ವಾಮಿ ನೋಡುತ್ತಲೇ ಇದ್ದರು.

“ಅಲ್ಲ ಬೀಗ್ರೇ, ಈ ವಯಸ್ನಲ್ಲೂ ಅಲ್ಲು ಮುತ್ ಜೋಡ್ಸ್‌ದಂಗವಲ್ಲ! ನಿಮ್ಮನೇಲಿ ಎಲ್ಲ ಅಸಲಿ ಅಂತ ಜನ ಯೋಳೋದು ದಿಟವೇಯ.”

ದೇವಣ್ಣ ಅವಸರದಲ್ಲಿ ಇನ್ನೊಂದು ಕೋಡುಬಳೆ ಬಾಯಿಗೆ ತುರುಕಿಕೊಂಡರು. ಹೌದೆನ್ನಲೂ ಆಗದು, ಅಲ್ಲವೆನ್ನಲೂ ಆಗದು.

ಕುಮಾರಸ್ವಾಮಿ ಹತ್ತಿರಕ್ಕೆ ಬಾಗಿ ದನಿ ತಗ್ಗಿಸಿದರು. “ಬೇಜಾರ್ ಮಾಡ್ಕಬ್ಯಾಡಿ, ಒಂದ್ ಮಾತು. ಓದ್ಸಲ ಎಣ್ಣು ನೋಡಕ್ ಬಂದಾಗ ಅಲ್ಲು ಕಾಣ್ದಂಗೆ ಅಷ್ಟ್ ದಪ್ಪ ಮೀಸೆ ಇತ್ತಲ್ಲ… ಅದೊಂದು ಮಾತ್ರ ಅಂಟಿಸ್ಕಂಡಿದ್ದಾ?”

ದೇವಣ್ಣ ಬಾಯಿ ತೆರೆಯುವ ಮೊದಲೇ, ಕಾಫಿ ಲೋಟ ಎತ್ತಲು ಬಂದಿದ್ದ ರುದ್ರಾಣಿ ಅಲ್ಲೇ ನಿಂತಳು.

“ಅಯ್ಯೋ ಬುಡ್ತು ಅನ್ನಿ ಅಣ್ಣಾ! ಆ ಮೀಸೆ ಅಪ್ಪಟ ಅಸಲಿ. ಬೂದಿ ಪೊಟ್ಣ ಕಟ್ಟಿ ಮಡಗಿವ್ನಿ, ಬೇಕಾರೆ ಬೆರಳಲ್ಲಿ ಉಜ್ಜಿ ನೋಡಿ!”